ತಿರುವಿನ ಕನ್ನಡಿಗೆ ದಾನಿಗಳು

ಮದುವೆಯಾದಾಗಿನಿಂದ ಚಂದ್ರಕಾಂತನಿಗೆ ಮಾವನ ಎದುರು ಒಂದೇ ಒಂದು ಸಲ ಗೆಲ್ಲಬೇಕೆಂಬ ಆಸೆಯಿತ್ತು. ದೊಡ್ಡ ಆಸೆಯೇನಲ್ಲ. ಕೆಲವರು ಮನೆ ಕಟ್ಟಬೇಕು ಅಂದುಕೊಳ್ಳುತ್ತಾರೆ, ಕೆಲವರು ಹಿಮಾಲಯ ನೋಡಬೇಕು ಅಂದುಕೊಳ್ಳುತ್ತಾರೆ, ಇವನಿಗೆ ಇಷ್ಟೇ. ಆದರೆ ಮಾವ ಗುರುಸಿದ್ದಪ್ಪನವರು ಮೈಸೂರು ಕಡೆಯ ಒಂದು ಪುರಸಭೆಯಲ್ಲಿ ಮುಖ್ಯಾಧಿಕಾರಿಯಾಗಿದ್ದು ನಿವೃತ್ತರಾದವರು. ಕೌನ್ಸಿಲರುಗಳನ್ನೂ ಗುತ್ತಿಗೆದಾರರನ್ನೂ ಬೀದಿ ಹಂದಿಗಳನ್ನೂ ಒಂದೇ ದನಿಯಲ್ಲಿ ನಿಭಾಯಿಸಿದ ಮನುಷ್ಯನಿಗೆ ಒಬ್ಬ ಅಳಿಯ ಯಾವ ಲೆಕ್ಕ? ಚಂದ್ರಕಾಂತ ಕ್ಯೋಟೋದ ವಿಶ್ವವಿದ್ಯಾಲಯದಲ್ಲಿ ಕಬ್ಬಿಣಕ್ಕೆ ತುಕ್ಕು ಹೇಗೆ ಹಿಡಿಯುತ್ತದೆ ಎಂಬುದರ ಮೇಲೆ ಸಂಶೋಧನೆ ಮಾಡುತ್ತಿದ್ದ. "ನಮ್ಮ ಪುರಸಭೆ ವಾಟರ್ ಟ್ಯಾಂಕ್ ಪಕ್ಕ ಒಂದು ಸ್ಟೂಲ್ ಹಾಕ್ಕೊಂಡು ಕೂತಿದ್ರೆ ಫ್ರೀಯಾಗಿ ನೋಡಬಹುದಿತ್ತಲ್ಲ ಅಳಿಯಂದಿರೇ" ಎಂದು ಮಾವ ನಿಶ್ಚಿತಾರ್ಥದ ದಿನವೇ ಹೇಳಿದ್ದರು. ನೆಂಟರೆಲ್ಲ ನಕ್ಕಿದ್ದರು. ಪುರೋಹಿತರೂ ನಕ್ಕಿದ್ದರು.

ಆ ಗೆಲುವು ಕೊನೆಗೂ ಸಿಕ್ಕಿದ್ದು ಮಾವ ಮಗಳ ಮನೆಗೆಂದು ಕ್ಯೋಟೋಗೆ ಬಂದ ಮೊದಲ ವಾರದಲ್ಲಿ. ಬೆಳಗಿನ ವಾಕಿಂಗು. ಖಾಲಿ ರಸ್ತೆ, ಕಣ್ಣು ಹಾಯಿಸಿದಷ್ಟು ದೂರ ಒಂದು ಗಾಡಿಯಿಲ್ಲ, ಪಾದಚಾರಿಗಳಿಗೆ ಕೆಂಪು ದೀಪ. ಗುರುಸಿದ್ದಪ್ಪನವರು ಪಂಚೆ ಎತ್ತಿಕೊಂಡು ಇಳಿದೇಬಿಟ್ಟರು. ಚಂದ್ರಕಾಂತ ಅವರ ತೋಳು ಹಿಡಿದು ಹಿಂದಕ್ಕೆಳೆದ.

"ಮಾವ, ಇದು ಜಪಾನ್. ಇಲ್ಲಿ ಯಾರೂ ನೋಡ್ತಿಲ್ಲ ಅಂದ್ರೂ ರೂಲ್ ಅಂದ್ರೆ ರೂಲೇ. ನಾನು ಇಲ್ಲಿಗೆ ಬಂದು ಇಷ್ಟು ವರ್ಷ ಆಯ್ತು, ಒಂದು ರೂಲ್ ಮುರಿದಿಲ್ಲ. ಡಿಸಿಪ್ಲಿನ್ ಅನ್ನೋದು ರಕ್ತದಲ್ಲಿ ಬರಬೇಕು."

ಈ ಉಪನ್ಯಾಸ ಮುಗಿಯುವಷ್ಟರಲ್ಲಿ ದೀಪ ಹಸಿರಾಗಿ ಮತ್ತೆ ಕೆಂಪಾಗಿತ್ತು. ಮಾವ ಏನೂ ಹೇಳಲಿಲ್ಲ. ಅವರು ಏನೂ ಹೇಳದೇ ಇದ್ದದ್ದನ್ನು ಚಂದ್ರಕಾಂತ ಅದೇ ಮೊದಲು ನೋಡಿದ್ದು. ಅವತ್ತು ರಾತ್ರಿ ಊಟಕ್ಕೆ ಅವನು ಎರಡು ಚಪಾತಿ ಜಾಸ್ತಿ ತಿಂದ.

ಅದೇ ವಾರ ಶನಿವಾರ ಯಾಮಿನಿ ಅಪ್ಪನಿಗೆಂದು ಬಸ್ಸಾರು ಮಾಡಲು ಕೂತು, ಕೊತ್ತಂಬರಿ ಇಲ್ಲವೆಂದು ಗಂಡನನ್ನು ಓಡಿಸಿದಳು. ಜಪಾನಿನ ಸೂಪರ್ ಮಾರ್ಕೆಟ್ಟಿನಲ್ಲಿ ಕೊತ್ತಂಬರಿಯನ್ನು ಒಡವೆಯ ಹಾಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮಾರುತ್ತಾರೆ. ಚಂದ್ರಕಾಂತ ಒಂದು ಡಬ್ಬಿ ಸೈಕಲ್ಲಿನ ಬುಟ್ಟಿಗೆ ಹಾಕಿಕೊಂಡು, ಮನೆ ಹತ್ತಿರದ ಇಕ್ಕಟ್ಟು ಓಣಿಯ ಮೂಲೆಗೆ ಬಂದ. ಅಲ್ಲಿ ನೆಲದ ಮೇಲೆ ಬಿಳಿ ಬಣ್ಣದಲ್ಲಿ 'ನಿಲ್ಲಿ' ಎಂದು ಬರೆದಿತ್ತು. ಅವನು ನಿಲ್ಲಲಿಲ್ಲ. ನಿಂತ ಹಾಗೆ ಮಾಡಿ ಹೋದ. ಸೈಕಲ್ಲಿನವರಿಗೂ ಸ್ಥಳದಲ್ಲೇ ದಂಡದ ಚೀಟಿ ಕೊಡುವ ಹೊಸ ಕಾನೂನು ಅದೇ ಏಪ್ರಿಲ್ಲಿನಲ್ಲಿ ಜಾರಿಗೆ ಬಂದಿತ್ತು, ಆ ಕಾನೂನು ಮಿಯಾಜಿ ಎಂಬ ಯುವ ಪೊಲೀಸನ ರೂಪದಲ್ಲಿ ಮೂಲೆಯ ಆಚೆ ನಿಂತಿತ್ತು.

ಮಿಯಾಜಿ ಸಾನ್ (ಅಲ್ಲಿ ಎಲ್ಲರ ಹೆಸರಿಗೂ ನಮ್ಮ 'ಅವರು' ಇದ್ದಂತೆ ಒಂದು ಸಾನ್) ಮೊದಲು ಬಾಗಿ ನಮಸ್ಕರಿಸಿದ, ಆಮೇಲೆ ದಂಡ ಹಾಕಿದ. ಬೈಗುಳ ತಿಂದು ದಂಡ ಕಟ್ಟಿದರೆ ಮನುಷ್ಯನಿಗೆ ಒಂದು ಸಮಾಧಾನವಾದರೂ ಇರುತ್ತದೆ. ಇಲ್ಲಿ ಅದೂ ಇಲ್ಲ. ಚಂದ್ರಕಾಂತನ ಮುಖ ಬಾಡಿದ್ದನ್ನು ಕಂಡು ಆ ಹುಡುಗನಿಗೇ ಕರುಳು ಚುರ್ ಎಂದಿತು.

"ಬೇಸರ ಮಾಡಿಕೊಳ್ಳಬೇಡಿ. ಈ ದುಡ್ಡು ವ್ಯರ್ಥವಾಗುವುದಿಲ್ಲ. ಕೇಂದ್ರ ಸರ್ಕಾರಕ್ಕೆ ಹೋಗಿ, ಅಲ್ಲಿಂದ ಪ್ರಾಂತ್ಯಗಳಿಗೂ ಊರುಗಳಿಗೂ ಹಂಚಿಕೆಯಾಗಿ ಬರುತ್ತದೆ. ಸಿಗ್ನಲ್ಲು, ರಸ್ತೆಬದಿಯ ತಡೆಬೇಲಿ, ತಿರುವಿನ ಕನ್ನಡಿ, ಇಂಥದ್ದಕ್ಕೇ ಖರ್ಚಾಗುತ್ತದೆ" ಎಂದು ಸಮಾಧಾನ ಹೇಳಿ ಕಳಿಸಿದ.

ಚಂದ್ರಕಾಂತ ಸೋಮವಾರ ಪೋಸ್ಟಾಫೀಸಿನಲ್ಲಿ ದಂಡ ಕಟ್ಟಿ ಮನೆಗೆ ಬರುವಾಗ ಹೊತ್ತಾಗಿತ್ತು. ಮಾವ ಊಟದ ಮೇಜಿನ ಮುಂದೆ ಚಕ್ಕುಲಿ ಹಿಡಿದು ಕೂತಿದ್ದರು.

"ಲ್ಯಾಬು ಬೇಗ ಮುಗೀತು ಅಂತ ಫೋನ್ ಮಾಡಿದ್ರಂತೆ, ಇಷ್ಟೊತ್ತು ಎಲ್ಲಿದ್ರಿ?"

"ಪೋಸ್ಟಾಫೀಸಿಗೆ ಹೋಗಿದ್ದೆ ಮಾವ. ರೋಡ್ ಸೇಫ್ಟಿಗೆ ಅಂತ ಇಲ್ಲಿನ ಗವರ್ನಮೆಂಟಿಗೆ ಒಂದು ಸಣ್ಣ ಕಾಂಟ್ರಿಬ್ಯೂಷನ್."

ಈ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಇಂಥ ನಿಜಗಳೇ ಮನುಷ್ಯನನ್ನು ಹಾಳು ಮಾಡುವುದು.

"ಯಾವ ಲೆವೆಲ್ ಗವರ್ನಮೆಂಟು?" ಮಾವ ಚಕ್ಕುಲಿ ಕೆಳಗಿಟ್ಟರು. ವಿಷಯ ಅವರ ಇಲಾಖೆಯದು.

"ಸೆಂಟ್ರಲ್. ಅಲ್ಲಿಂದ ಲೋಕಲ್ ಬಾಡೀಸ್‌ಗೆ ಬರುತ್ತೆ."

ಗುರುಸಿದ್ದಪ್ಪನವರು ನಕ್ಕ ನಗುವಿಗೆ ಕೆಳಗಿನ ಮನೆಯವರು ಕಿಟಕಿ ಮುಚ್ಚಿದರು. "ಮೇಲೆ ಹೋಗಿದ್ದು ಕೆಳಗೆ ಬರುತ್ತಾ? ಅಳಿಯಂದಿರೇ, ಸರ್ವಿಸ್ ಪೂರ್ತಿ ನಾನು ವೆಹಿಕಲ್ ಟ್ಯಾಕ್ಸಲ್ಲಿ ನಮ್ಮ ಪಾಲು ಬರುತ್ತೆ ಅಂತ ಕಾದೋನು. ಓಡಾಡೋ ಗಾಡಿ ನಮ್ಮೂರದು, ಗುಂಡಿ ನಮ್ಮೂರದು, ಬಿದ್ದು ಕಾಲು ಮುರ್ಕೊಂಡೋರು ನಮ್ಮೂರೋರು. ಟ್ಯಾಕ್ಸ್ ಮಾತ್ರ ಮೇಲಕ್ಕೆ. ಕೇಳೋಕೆ ಹೋದ್ರೆ ಪರಿಶೀಲನೆಯಲ್ಲಿದೆ ಅಂತಿದ್ರು. ನಾನು ರಿಟೈರಾದೆ, ಅದಿನ್ನೂ ಪರಿಶೀಲನೆಯಲ್ಲೇ ಇದೆ."

"ಇಲ್ಲಿ ಬರುತ್ತೆ ಮಾವ."

"ಬಂದಾಗ ತೋರಿಸಿ."

ತೋರಿಸುವ ಕೆಲಸ ಚಂದ್ರಕಾಂತನ ಪಾಲಿಗೆ ಬರಲೇ ಇಲ್ಲ. ಮುಂದಿನ ವಾರವೇ, ಅವನು ಸಿಕ್ಕಿಬಿದ್ದಿದ್ದ ಅದೇ ಮೂಲೆಯಲ್ಲಿ ನಗರದ ಕೆಲಸಗಾರರು ಕಿತ್ತಳೆ ಬಣ್ಣದ ಕಂಬವೊಂದನ್ನು ನೆಟ್ಟು, ಅದರ ತುದಿಗೆ ದೊಡ್ಡ ದುಂಡು ಕನ್ನಡಿಯೊಂದನ್ನು ಕೂರಿಸಿ ಹೋದರು. ಈ ಕಡೆಯವರಿಗೆ ಆ ಕಡೆಯ ಗಾಡಿ ಕಾಣಲೆಂದು ಓಣಿಗಳ ತಿರುವಿನಲ್ಲಿ ಹಾಕುವ ಕನ್ನಡಿ. ವಾಕಿಂಗಿಗೆ ಹೋಗಿದ್ದ ಗುರುಸಿದ್ದಪ್ಪನವರು ಅದರ ಕೆಳಗೆ ಬಹಳ ಹೊತ್ತು ನಿಂತರು. ಕಂಬ ಮುಟ್ಟಿದರು, ಅಲ್ಲಾಡಿಸಿದರು. ಅದು ಅಲ್ಲಾಡಲಿಲ್ಲ. ಸರ್ಕಾರಿ ಕಂಬವೊಂದು ಅಲ್ಲಾಡದೇ ನಿಂತದ್ದು ಅವರ ಮೇಲೆ ಆಳವಾದ ಪರಿಣಾಮ ಬೀರಿತು. ಅಲ್ಲಿಂದಲೇ ಮೈಸೂರಿಗೆ ವೀಡಿಯೋ ಕಾಲ್ ಮಾಡಿ ಹೆಂಡತಿ ಇಂದಿರಮ್ಮನವರಿಗೆ ತೋರಿಸಿದರು. ಮನೆಗೆ ಬಂದವರೇ ಅಳಿಯನ ಎರಡೂ ಕೈ ಹಿಡಿದುಕೊಂಡರು.

"ಬಂತು ಅಳಿಯಂದಿರೇ. ಇಷ್ಟು ಬೇಗ. ನೀವು ಕೊಟ್ಟಿದ್ದು ಮೇಲಕ್ಕೆ ಹೋಗಿ ನೇರವಾಗಿ ನಮ್ಮ ಓಣಿಗೇ ಬಂತು." ಆಮೇಲೆ ಮಗಳ ಕಡೆ ತಿರುಗಿ, "ನಾನು ಇವ್ರನ್ನ ತಪ್ಪು ತಿಳ್ಕೊಂಡಿದ್ದೆ ಕಣಮ್ಮ" ಎಂದರು.

ನಿಜ ಹೇಳಲು ಅದೇ ಸರಿಯಾದ ಗಳಿಗೆ. ಚಂದ್ರಕಾಂತನಿಗೂ ಗೊತ್ತಿತ್ತು. ಆದರೆ ಆ ಕೊನೆಯ ಮಾತಿಗಾಗಿ ಅವನು ನಿಶ್ಚಿತಾರ್ಥದ ದಿನದಿಂದ ಕಾದಿದ್ದ. ಹಸಿದವನ ಬಾಯಿಗೆ ಹೋಳಿಗೆ ಬಿದ್ದಾಗ ಅದು ಪಕ್ಕದ ಎಲೆಯದು ಎಂದು ಯಾರು ಉಗುಳುತ್ತಾರೆ? ಅವನು ತಲೆ ತಗ್ಗಿಸಿ ಮುಗುಳ್ನಕ್ಕ.

ಯಾಮಿನಿಗೆ ಮಾತ್ರ ಅನುಮಾನ. ಅಡುಗೆಮನೆಯಲ್ಲಿ ಮೆಲ್ಲಗೆ ಹಿಡಿದು ಕೇಳಿದಳು. "ರೀ, ಹುಂಡಿಗೆ ಹಾಕೋಕೂ ಚಿಲ್ಲರೆ ಹುಡುಕೋರು ನೀವು. ಗವರ್ನಮೆಂಟಿಗೆ ಡೊನೇಷನ್ನಾ?" ಚಂದ್ರಕಾಂತ ಬಾಯಿಬಿಟ್ಟ. ಯಾಮಿನಿ ಸಿಂಕಿನ ಅಂಚು ಹಿಡಿದುಕೊಂಡು ನಕ್ಕಳು, ಕಣ್ಣೊರೆಸಿಕೊಂಡು "ಹೇಳಿಬಿಡಿ ಅಪ್ಪಂಗೆ" ಎಂದಳು. "ಹೇಳ್ತೀನಿ, ಸ್ವಲ್ಪ ಟೈಮ್ ನೋಡ್ಕೊಂಡು" ಎಂದ. ಇಂಥ ಟೈಮು ಯಾವ ಗಡಿಯಾರದಲ್ಲೂ ಇರುವುದಿಲ್ಲ.

ಸಮಸ್ಯೆ ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ಗುರುಸಿದ್ದಪ್ಪನವರಿಗೆ ಆ ಕನ್ನಡಿಯಲ್ಲಿ ಒಂದು ಕೊರತೆ ಕಂಡಿತು.

"ಹೆಸರೆಲ್ಲಿ?" ಎಂದರು.

ದಾನ ಕೊಟ್ಟ ವಸ್ತುವಿನ ಮೇಲೆ ಹೆಸರಿಲ್ಲವೆಂದರೆ ಏನರ್ಥ? ಅವರೂರಿನ ಸಮುದಾಯ ಭವನದಲ್ಲಿ ಬೆಂಚಿನಿಂದ ಹಿಡಿದು ಕೈತೊಳೆಯುವ ನಲ್ಲಿಯ ತನಕ ಹೆಸರಿಲ್ಲದ ಸಾಮಾನೇ ಇಲ್ಲ. ಅಲ್ಲಿನ ಗೋಡೆ ಗಡಿಯಾರದ ಮೇಲೆ ದಾನಿಗಳ ಇಡೀ ವಂಶದ ಹೆಸರು ಬರೆಸಿ, ಚಿಕ್ಕ ಮುಳ್ಳು ಎಲ್ಲಿದೆಯೆಂದು ಕಾಣದೆ ಒಂದು ಮದುವೆಯ ಮುಹೂರ್ತವೇ ಮೀರಿಹೋಗಿತ್ತು. ಆದರೂ ಹೆಸರನ್ನು ಯಾರೂ ಅಳಿಸಲಿಲ್ಲ, ಗಂಡು ಹೆಣ್ಣಿನ ಕಡೆಯವರು ಬೇರೆ ಗಡಿಯಾರ ತರಿಸಿದರು.

"ಇಲ್ಲಿ ಹಂಗೆಲ್ಲ ಹಾಕಲ್ಲ ಮಾವ" ಎಂದ ಚಂದ್ರಕಾಂತ.

"ಯಾಕೆ ಹಾಕಲ್ಲ? ಮೊನ್ನೆ ಆ ದೇವಸ್ಥಾನಕ್ಕೆ ಕರ್ಕೊಂಡು ಹೋಗಿದ್ರಲ್ಲ, ಕಲ್ಲಿನ ಬೇಲಿ ಪೂರ್ತಿ ಹೆಸರು ಕೆತ್ತಿತ್ತು. ಅವೇನು ದೇವ್ರ ಹೆಸರಾ? ದಾನಿಗಳದು. ನೀವೇ ಹೇಳಿದ್ದು."

ಹೇಳಿದ್ದು ನಿಜ. ಮರುದಿನ ಗುರುಸಿದ್ದಪ್ಪನವರು ಮೊಮ್ಮಗಳು ಸ್ಫೂರ್ತಿಯನ್ನು ಕರೆದುಕೊಂಡು ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಗೆ ಹೋಗಿ, ಅಲ್ಲಿನ ಪ್ರಿಂಟಿಂಗ್ ಯಂತ್ರದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿದರು. 'ದಾನಿಗಳು: ಡಾ. ಚಂದ್ರಕಾಂತ, ತುಕ್ಕು ಸಂಶೋಧಕರು, ಅಳಿಯಂದಿರು, ಶ್ರೀ ಗುರುಸಿದ್ದಪ್ಪ, ನಿವೃತ್ತ ಮುಖ್ಯಾಧಿಕಾರಿಗಳು.' ಮಳೆಗೆ ನೆನೆಯದಂತೆ ಅಗಲವಾದ ಟೇಪು ಸುತ್ತಿ ಕಂಬಕ್ಕೆ ಅಂಟಿಸಿ ಬಂದರು. ಮಾವನ ಹೆಸರು ಅಳಿಯನ ಹೆಸರಿಗಿಂತ ಒಂದು ಸುತ್ತು ದಪ್ಪಗಿತ್ತು.

ಅದಾದ ಮಾರನೆಯ ದಿನ ಬೆಲ್ ಆಯಿತು. ಬಾಗಿಲಲ್ಲಿ ನಿಷಿಗಾಕಿ ಸಾನ್, ಆ ಓಣಿಯ ನಿವಾಸಿಗಳ ಸಂಘದ ಅಧ್ಯಕ್ಷೆ. ಬೆಳ್ಳಿಗೂದಲಿನ ಪುಟ್ಟ ಅಜ್ಜಿ. ಕಸದ ಚೀಲವನ್ನು ತಪ್ಪು ದಿನ ಹೊರಗಿಟ್ಟವರ ಮನೆ ಮುಂದೆ ನಿಂತು ಹೂಕುಂಡವನ್ನು ಹೊಗಳಿ ಹೋಗುವಂಥವರು. ಕ್ಯೋಟೋದವರು ಯಾವುದನ್ನೂ ನೇರ ಹೇಳುವುದಿಲ್ಲ. ಅಲ್ಲಿ ಹೊಗಳಿಕೆ ಬಂತೆಂದರೆ ಮನೆಯವರು ಏನು ತಪ್ಪಾಯಿತೆಂದು ಹುಡುಕಲು ಶುರುಮಾಡಬೇಕು.

"ಕನ್ನಡಿಯ ಕಂಬದ ಮೇಲೆ ಎಷ್ಟು ಸುಂದರವಾದ ಅಕ್ಷರಗಳು. ಓದಲು ಬಾರದ ನನ್ನಂಥವಳಿಗೆ ಎಂಥ ನಷ್ಟ" ಎಂದರು.

ಚಂದ್ರಕಾಂತ ಲ್ಯಾಬಿನಲ್ಲಿದ್ದ, ಯಾಮಿನಿ ಮಾರ್ಕೆಟ್ಟಿಗೆ ಹೋಗಿದ್ದಳು. ಬಾಗಿಲು ತೆಗೆದದ್ದು ಗುರುಸಿದ್ದಪ್ಪನವರು, ನಡುವೆ ನಿಂತು ಮಾತು ದಾಟಿಸಿದ್ದು ಸ್ಫೂರ್ತಿ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತಾಡುವುದು ಮಾತ್ರ ಬೇಕಾದಾಗ. ಅಜ್ಜ ಹೇಳಿದ್ದನ್ನು ಅವಳು ಒಂದಕ್ಷರ ಕೂಡಿಸದೆ, ಒಂದಕ್ಷರ ಬಿಡದೆ ಜಪಾನಿಯಲ್ಲಿ ಒಪ್ಪಿಸಿದಳು. ಈ ಕನ್ನಡಿ ಹಾಕಲು ದುಡ್ಡು ಕೊಟ್ಟದ್ದು ನಮ್ಮಪ್ಪ, ಪೋಸ್ಟಾಫೀಸಿನಲ್ಲಿ ಕಟ್ಟಿದ್ದಾರೆ, ಯಾರಿಗೂ ಹೇಳಿಲ್ಲ.

ಆ ಮೂಲೆಗೆ ಒಂದು ಕನ್ನಡಿ ಬೇಕೆಂದು ನಿಷಿಗಾಕಿ ಸಾನ್ ವರ್ಷಗಟ್ಟಲೆ ನಗರದ ರಸ್ತೆ ಕಚೇರಿಗೆ ಅಲೆದಿದ್ದರು. ಬಂದಾಗ ತಮ್ಮ ಮನವಿಗೇ ಬಂತೆಂದು ಸಂಘದ ಸಭೆಯಲ್ಲಿ ಶುಭಕಾರ್ಯಕ್ಕೆ ಮಾಡುವ ಕೆಂಪು ಅನ್ನ ಹಂಚಿದ್ದರು. ಈಗ ನೋಡಿದರೆ ಯಾರೋ ಪರದೇಶದವನು ಸದ್ದಿಲ್ಲದೆ ಕೊಟ್ಟಿದ್ದಾನೆ. ಅವರು ಸೊಂಟ ಮುರಿಯುವಷ್ಟು ಬಾಗಿ ಹೊರಟುಹೋದರು, ಸಂಜೆ ಒಂದು ದೊಡ್ಡ ಸಿಹಿಯ ಪೆಟ್ಟಿಗೆ ಹಿಡಿದು ಮತ್ತೆ ಬಂದರು.

ಅಷ್ಟರಲ್ಲಿ ಚಂದ್ರಕಾಂತ ಮನೆಗೆ ಬಂದಿದ್ದ. "ಇಲ್ಲ ನಿಷಿಗಾಕಿ ಸಾನ್, ನಾನು ಏನೂ ಕೊಟ್ಟಿಲ್ಲ" ಎಂದ.

"ಎಂಥ ವಿನಯ" ಎಂದರು ಅವರು, ಕಣ್ಣಲ್ಲಿ ನೀರು ತಂದುಕೊಂಡು.

"ವಿನಯ ಅಲ್ಲ, ನಿಜವಾಗಿ ಕೊಟ್ಟಿಲ್ಲ."

"ಇಂಥವರು ಈಗ ಜಪಾನಿನಲ್ಲೂ ಇಲ್ಲ."

ಜಪಾನಿನಲ್ಲಿ ಒಳ್ಳೆಯ ಕೆಲಸ ಮಾಡಿದವನು ಮಾಡಿಲ್ಲ ಎನ್ನಬೇಕು. ಮಾಡದವನೂ ಮಾಡಿಲ್ಲ ಎಂದೇ ಅನ್ನುತ್ತಾನೆ. ಇಬ್ಬರನ್ನೂ ಬೇರೆ ಮಾಡುವ ಉಪಾಯವನ್ನು ಅಷ್ಟೆಲ್ಲ ಕಂಡುಹಿಡಿದ ಆ ದೇಶ ಇನ್ನೂ ಕಂಡುಹಿಡಿದಿಲ್ಲ. ಸಿಹಿ ತೆಗೆದುಕೊಂಡ ಮೇಲೆ ಬರಿಗೈಲಿ ಇರಬಾರದೆಂದು ಯಾಮಿನಿ ಮೈಸೂರುಪಾಕು ಕೊಟ್ಟುಬಂದಳು. ಅದಕ್ಕೆ ಪ್ರತಿಯಾಗಿ ಮೂಲಂಗಿ ಉಪ್ಪಿನಕಾಯಿ ಬಂತು. ಇವರು ನಿಪ್ಪಟ್ಟು ಕೊಟ್ಟರು, ಅವರು ಟವೆಲ್ಲು ಕೊಟ್ಟರು. ಓಣಿಯ ಮದ್ಯದಂಗಡಿಯ ಒಕುದಾ ಸಾನ್, ಇವರು ಕುಡಿಯುವುದಿಲ್ಲವೆಂದು ತಿಳಿದು, ದ್ರಾಕ್ಷಿ ರಸದ ಒಂದು ಇಡೀ ಕ್ರೇಟು ತಂದಿಟ್ಟು ಹೋದ. ಮನೆಯಲ್ಲಿ ಕಾಲಿಡಲು ಜಾಗವಿಲ್ಲ.

"ಇಲ್ಲಿ ಜನ ನಿಮ್ಮನ್ನ ಎಷ್ಟು ಮರ್ಯಾದೆಯಿಂದ ನೋಡ್ತಾರೆ" ಎಂದರು ಮಾವ, ಜಪಾನಿ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ. ಚಂದ್ರಕಾಂತನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಜಪಾನಿನ ಗೋಡೆ ತೆಳು, ಪಕ್ಕದ ಮನೆಯವರು ಇನ್ನೊಂದು ಉಡುಗೊರೆ ತಂದಾರೆಂದು ಸುಮ್ಮನಾದ.

ಆ ವಾರದ ಕೊನೆಗೆ ಸರ್ಕಾರವೇ ಬಂತು. ನಿಷಿಗಾಕಿ ಸಾನ್ ರಸ್ತೆ ಕಚೇರಿಗೆ ಫೋನ್ ಮಾಡಿ, ಇಂಥ ದಾನಿಗೆ ನೀವು ಒಂದು ಕೃತಜ್ಞತಾ ಪತ್ರವನ್ನಾದರೂ ಕೊಡಬೇಡವೇ ಎಂದು ಕೇಳಿದ್ದರು. ಕಚೇರಿಯ ಹಮಾಗುಚಿ ಸಾನ್, ಮಧ್ಯವಯಸ್ಸಿನ ಬಡಕಲು ಮನುಷ್ಯ, ಬಾಗಿಲಲ್ಲಿ ಕರಿ ಸೂಟಿನಲ್ಲಿ ನಿಂತು, ಮಾತಾಡುವ ಮುಂಚೆಯೇ ಬಾಗಿದವನು ಏಳಲೇ ಇಲ್ಲ.

"ಕ್ಷಮಿಸಿ. ನಿಮ್ಮ ಕೊಡುಗೆ ನಮ್ಮ ದಾಖಲೆಗಳಲ್ಲಿ ಎಲ್ಲಿಯೂ ಸಿಗುತ್ತಿಲ್ಲ. ಎಲ್ಲ ಕಪಾಟುಗಳನ್ನೂ ಹುಡುಕಿಸಿದ್ದೇನೆ."

"ಸಿಗೋದಿಲ್ಲ ಹಮಾಗುಚಿ ಸಾನ್. ಕೊಟ್ಟಿದ್ದರೆ ತಾನೇ?"

ಹಮಾಗುಚಿ ಬಿಳಿಚಿಕೊಂಡ. "ನಮ್ಮ ಮಾನ ಉಳಿಸಲು ಹೀಗೆ ಹೇಳುತ್ತಿದ್ದೀರಿ. ನಾನು ನಿದ್ದೆ ಮಾಡಿ ಎಷ್ಟೋ ದಿನವಾಯಿತು."

ಅವನಿಗೆ ನಿದ್ದೆ ಬರಿಸುವ ಮಾತು ಒಂದೇ ಒಂದಿತ್ತು, ದಂಡ. ಆ ಒಂದು ಪದ ಹೇಳಿದರೆ ಹಮಾಗುಚಿ ನಗುತ್ತ ಮನೆಗೆ ಹೋಗುತ್ತಿದ್ದ. ಆದರೆ ಚಂದ್ರಕಾಂತನ ಬೆನ್ನ ಹಿಂದೆಯೇ ಮಾವ ನಿಂತಿದ್ದರು, ಮಾವನ ಪಕ್ಕ ಸ್ಫೂರ್ತಿ, ಬಾಯಿಂದ ಬಿದ್ದ ಪ್ರತಿ ಮಾತನ್ನೂ ಬಿಸಿ ಆರುವ ಮುಂಚೆ ಅಜ್ಜನಿಗೆ ದಾಟಿಸುತ್ತಿದ್ದಳು. ಚಂದ್ರಕಾಂತ "ಹುಡುಕಿ ನೋಡಿ" ಎಂದ. ಹೇಳಿದ ಮೇಲೆ ತನ್ನ ಮೇಲೆಯೇ ಅಸಹ್ಯವಾಯಿತು.

ಹಮಾಗುಚಿ ಹೋದ ಮೇಲೆ ಮಾವ ಹೇಳಿದರು, "ನೋಡಿ ಅಳಿಯಂದಿರೇ, ಇದು ಎಲ್ಲ ಕಡೆ ಇರೋದೇ. ಫೈಲ್ ಕಳೆದುಹಾಕಿದ್ದಾನೆ. ಆದ್ರೆ ಮನೆಗೆ ಬಂದು ಒಪ್ಕೊಂಡ ನೋಡಿ, ಅದಕ್ಕೆ ನಾನು ತಲೆ ಬಾಗ್ತೀನಿ."

ಅಷ್ಟರಲ್ಲಿ ಕಂಬದ ಫೋಟೋ ಕನ್ಸಾಯ್ ಸೀಮೆಯ ಕನ್ನಡ ಬಳಗದ ವಾಟ್ಸಾಪ್ ಗುಂಪಿಗೂ ಹೋಗಿ ಸೇರಿತ್ತು. ಯಾರು ಹಾಕಿದರೆಂದು ಬೇರೆ ಹೇಳಬೇಕಾಗಿಲ್ಲ. ಬಳಗದ ಅಧ್ಯಕ್ಷ ಗಗನ್ ಒಸಾಕಾದಿಂದ ಫೋನ್ ಮಾಡಿದ.

"ಸರ್, ಏನ್ ಸರ್ ಇದು, ಇಷ್ಟು ದೊಡ್ಡ ಕೆಲ್ಸ ಮಾಡಿ ಸೈಲೆಂಟಾಗಿದ್ದೀರಲ್ಲ. ಜಪಾನಲ್ಲಿ ಕನ್ನಡದಲ್ಲಿ ಬೋರ್ಡಿರೋ ಮೊದಲ ಕಂಬ ಸರ್ ಇದು. ಸಂಡೇ ಬೆಳಿಗ್ಗೆ ಅಲ್ಲೇ ಮಿರರ್ ಕೆಳಗೆ ನಿಮಗೆ ಸನ್ಮಾನ. ಮೈತ್ರೇಯಿ ಮೇಡಂ ಹಿರೋಷಿಮಾದಿಂದ ಪೇಟ ತರ್ತಿದ್ದಾರೆ. ಮೈಸೂರು ಪೇಟ, ಒರಿಜಿನಲ್ಲು."

"ಬೇಡ ಗಗನ್. ದಯವಿಟ್ಟು ಬೇಡ."

"ನಿಮ್ಮ ಮಾವ ಮೊದಲೇ ಹೇಳಿದ್ರು ಸರ್, ಬೇಡ ಅಂತಾರೆ, ಕೇಳ್ಬೇಡಿ ಅಂತ."

ಹಾಗಾಗಿ ಆ ಭಾನುವಾರ ಬೆಳಿಗ್ಗೆ ಓಣಿಯ ಮೂಲೆಯಲ್ಲಿ ಎರಡು ನಾಡಿನ ಜನ ಸೇರಿದರು. ಒಂದು ಕಡೆ ರೇಷ್ಮೆ ಸೀರೆಗಳು, ಇನ್ನೊಂದು ಕಡೆ ಓಣಿಯ ಹಿರಿಯರು, ಎಲ್ಲರೂ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದು ನಿಂತವರು. ರಸ್ತೆಯಲ್ಲಿ ಜನ ಸೇರುವುದಾದರೆ ಪೊಲೀಸರು ಇರಬೇಕೆಂದು ನಿಷಿಗಾಕಿ ಸಾನ್ ಠಾಣೆಗೂ ತಿಳಿಸಿದ್ದರು. ಬಂದವನು ಮಿಯಾಜಿ. ಚಂದ್ರಕಾಂತನನ್ನು ನೋಡಿದ, ಪೇಟ ನೋಡಿದ, ಕನ್ನಡಿ ನೋಡಿದ. ಆಮೇಲೆ ತನ್ನ ಬೂಟುಗಳನ್ನು ನೋಡುತ್ತ ನಿಂತ. ಇನ್ನೊಬ್ಬರ ದಂಡದ ವಿಷಯ ಬಾಯಿಬಿಡುವುದು ಅವನ ಕೆಲಸದಲ್ಲಿ ನಿಷಿದ್ಧ. ಅಷ್ಟು ಶಿಸ್ತಿನ ಮೌನವನ್ನು ಚಂದ್ರಕಾಂತ ಸಹಿಸಲಾರದೆ ಬೇರೆ ಕಡೆ ತಿರುಗಿದ.

ಗುರುಸಿದ್ದಪ್ಪನವರು ಮಾತಿಗೆ ನಿಂತರು. ಪುರಸಭೆಯಿಂದ ಶುರುಮಾಡಿ, ಬೀದಿದೀಪದ ಮೇಲೆ ಹಾದು, ಅಳಿಯನ ಬಾಲ್ಯಕ್ಕೂ ಬಂದರು, ಅಳಿಯನ ಬಾಲ್ಯ ಅವರು ನೋಡಿದ್ದೇ ಇಲ್ಲ. "ನನ್ನ ಅಳಿಯ ಜೀವಮಾನದಲ್ಲಿ ಒಂದು ರೂಲ್ ಮುರಿದವರಲ್ಲ" ಎಂದರು. ಸ್ಫೂರ್ತಿ ಅಷ್ಟನ್ನೂ ಜಪಾನಿಗೆ ದಾಟಿಸಿದಳು, ಮಿಯಾಜಿಗೆ ಕೆಮ್ಮು ಬಂತು, ಓಣಿಯ ಹಿರಿಯರು ಮೆಲ್ಲಗೆ ಚಪ್ಪಾಳೆ ತಟ್ಟಿದರು. ಮಾವ ಪೇಟವನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

ಆಗ ಹಮಾಗುಚಿ ಗುಂಪಿನಿಂದ ಮುಂದೆ ಬಂದ. ಇನ್ನಷ್ಟು ಬಡಕಲಾಗಿದ್ದ.

"ಕೊಡುಗೆ ಸಿಗಲಿಲ್ಲ. ತಪ್ಪು ನನ್ನದು. ನಾಳೆ ಮೇಲಧಿಕಾರಿಗಳಿಗೆ ಬರೆದುಕೊಟ್ಟು ಈ ಹುದ್ದೆಯಿಂದ ಇಳಿಯುತ್ತೇನೆ. ಎಲ್ಲರ ಎದುರು ಕ್ಷಮೆ ಕೇಳಬೇಕೆಂದು ಬಂದೆ" ಎಂದು ಬಾಗಿದ.

ಚಂದ್ರಕಾಂತ ಬಾಗಿದ ಆ ಬೆನ್ನನ್ನು ನೋಡಿದ. ಮಾವನ ಕೈಯ ಪೇಟ ಅವನ ತಲೆಯಿಂದ ಒಂದು ಗೇಣು ದೂರದಲ್ಲಿತ್ತು.

"ಸಾಕು, ನಿಲ್ಲಿಸಿ" ಎಂದ ಕನ್ನಡದಲ್ಲಿ. ಆಮೇಲೆ ಜಪಾನಿಯಲ್ಲಿ, ಲ್ಯಾಬಿನ ವರದಿ ಓದುವ ಹಾಗೆ ಒಂದೇ ಉಸಿರಿಗೆ ಹೇಳಿದ. "ಹಮಾಗುಚಿ ಸಾನ್ ಏನನ್ನೂ ಕಳೆದಿಲ್ಲ. ನಾನು ದಾನ ಕೊಟ್ಟಿಲ್ಲ. ಇದೇ ಮೂಲೆಯಲ್ಲಿ ಸೈಕಲ್ ನಿಲ್ಲಿಸದೆ ಹೋದೆ. ಈ ಮಿಯಾಜಿ ಸಾನ್ ಅವರೇ ನನ್ನನ್ನು ಹಿಡಿದರು. ನಾನು ಪೋಸ್ಟಾಫೀಸಿನಲ್ಲಿ ಕಟ್ಟಿದ್ದು ದಂಡ."

ಕನ್ನಡದವರಿಗೆ ಪೂರ್ತಿ ಅರ್ಥವಾಗಲಿಲ್ಲ, ಆದರೆ ಸ್ಫೂರ್ತಿ ಕರ್ತವ್ಯ ಮರೆಯುವವಳಲ್ಲ. "ಅಜ್ಜ, ಅಪ್ಪನ್ನ ಪೊಲೀಸ್ ಹಿಡಿದ್ರಂತೆ. ಡೊನೇಷನ್ ಅಲ್ವಂತೆ. ಫೈನ್ ಅಂತೆ" ಎಂದು ಸ್ಪಷ್ಟವಾಗಿ, ಗಟ್ಟಿಯಾಗಿ ಒಪ್ಪಿಸಿದಳು.

ಹಮಾಗುಚಿ ಅಲ್ಲೇ ರಸ್ತೆಯಂಚಿನ ಕಲ್ಲಿನ ಮೇಲೆ ಕೂತು ಟೈ ಸಡಿಲಿಸಿಕೊಂಡ. ಅಷ್ಟು ನೆಮ್ಮದಿಯ ಮುಖವನ್ನು ಯಾರೂ ನೋಡಿರಲಾರರು. ಗುರುಸಿದ್ದಪ್ಪನವರು ಮಾತ್ರ ಪೇಟ ಹಿಡಿದ ಕೈ ಇಳಿಸದೆ ನಿಂತಿದ್ದರು. ಚಂದ್ರಕಾಂತ ಕಣ್ಣು ಮುಚ್ಚಿದ. ನೀರಿನ ಟ್ಯಾಂಕು, ಸ್ಟೂಲು, ನಕ್ಕ ಪುರೋಹಿತರು, ಎಲ್ಲ ಕಣ್ಣ ಮುಂದೆ ಬಂದವು.

"ಸ್ಫೂರ್ತಿ" ಎಂದರು ಮಾವ, "ಆ ಆಫೀಸರ್‌ನ ಕೇಳು. ಫೈನ್ ದುಡ್ಡು ಮೇಲಕ್ಕೆ ಹೋಗಿ ಕೆಳಗಡೆ ಬರೋದು ನಿಜಾನಾ?"

ಹಮಾಗುಚಿಗೆ ಜೀವ ಬಂತು. ಕೊನೆಗೂ ಯಾರೋ ಅವನ ವಿಷಯವನ್ನೇ ಕೇಳಿದ್ದರು. "ನಿಜ. ವರ್ಷಕ್ಕೆ ಎರಡು ಸಲ. ಎಲ್ಲಿ ಎಷ್ಟು ಅಪಘಾತ, ಎಷ್ಟು ಜನ, ಎಷ್ಟು ಉದ್ದದ ರಸ್ತೆ ಎಂದು ನೋಡಿ ಪಾಲು ಮಾಡುತ್ತಾರೆ."

"ಯಾರೂ ಟೋಕಿಯೋಗೆ ಹೋಗಿ ಬಾಗಿಲಲ್ಲಿ ಕಾಯಲ್ವಾ? ಮಂತ್ರಿಗೆ ಹಾರ ಹಾಕಲ್ವಾ?"

"ಏಕೆ?" ಎಂದ ಹಮಾಗುಚಿ. ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

ಗುರುಸಿದ್ದಪ್ಪನವರು ಪೇಟವನ್ನು ಒಂದೇ ಕೈಗೆ ಬದಲಾಯಿಸಿಕೊಂಡರು. ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡರು. "ಕೇಳದೇನೇ ಬರುತ್ತಂತೆ" ಎಂದು ಯಾರಿಗೂ ಅಲ್ಲದಂತೆ ಹೇಳಿಕೊಂಡರು. ಚಂದ್ರಕಾಂತ ಒಂದು ಕಣ್ಣು ತೆರೆದ. ಬಚಾವಾದೆನೇನೋ ಅನ್ನಿಸಿತು. ಪೇಟ ಮತ್ತೆ ಅವನ ತಲೆಯ ಕಡೆ ಹೊರಟಿತ್ತು.

"ಆದರೆ" ಎಂದ ಹಮಾಗುಚಿ. ಪ್ರಾಮಾಣಿಕರ ಬಾಯಿಂದ ಬರುವ ಈ ಪದದಷ್ಟು ಕೆಟ್ಟದ್ದು ಇನ್ನೊಂದಿಲ್ಲ. "ಈ ಕನ್ನಡಿಯಲ್ಲಿ ಚಂದ್ರಕಾಂತ ಸಾನ್ ಅವರದು ಏನೂ ಇಲ್ಲ. ಅವರು ಕಟ್ಟಿದ್ದು ಇನ್ನೂ ಮೇಲೆಯೇ ಇದೆ, ಯಾವ ಊರಿಗೆ ಹೋಗುತ್ತದೋ ಹೇಳಲಾಗದು. ಇದು ಅದಕ್ಕೂ ಮೊದಲು ದಂಡ ಕಟ್ಟಿದವರ ಕನ್ನಡಿ."

ಪೇಟ ಗಾಳಿಯಲ್ಲೇ ನಿಂತಿತು.

"ಹಂಗಾದ್ರೆ ಇದಕ್ಕೆ ಕೊಟ್ಟೋರು ಯಾರು?" ಎಂದರು ಗುರುಸಿದ್ದಪ್ಪನವರು, ಸುತ್ತ ನೋಡುತ್ತ. ಸನ್ಮಾನ ಎಂದರೆ ಸನ್ಮಾನ. ಹಣ್ಣು ತಂದಿದ್ದಾಗಿದೆ, ಶಾಲು ಬಿಚ್ಚಿದ್ದಾಗಿದೆ, ಬರಿಗೈಲಿ ವಾಪಸು ಹೋಗುವ ಪದ್ಧತಿ ಅವರ ಸರ್ವಿಸಿನಲ್ಲಿ ಇರಲಿಲ್ಲ.

ಸ್ಫೂರ್ತಿ ಅದನ್ನೂ ದಾಟಿಸಿದಳು. ಆಮೇಲೆ ಮದ್ಯದಂಗಡಿಯ ಒಕುದಾ ಸಾನ್ ಮೆಲ್ಲಗೆ ಕೈಯೆತ್ತಿದ. "ಬಹುಶಃ ಸ್ವಲ್ಪ ನಾನು. ಹೋದ ವರ್ಷ ವ್ಯಾನು ಜೋರಾಗಿ ಓಡಿಸಿದ್ದೆ." ಅವನ ಹಿಂದಿನ ಇಸ್ತ್ರಿ ಅಂಗಡಿಯವನು ತಲೆ ಕೆರೆದುಕೊಂಡು ಮುಂದೆ ಬಂದ. ಗಗನ್ ಗುರುಸಿದ್ದಪ್ಪನವರ ಕಡೆ ನೋಡಿ, "ನಂದೂ ಒಂದಿದೆ ಸರ್, ಡ್ರೈವ್ ಮಾಡ್ತಾ ಫೋನಲ್ಲಿ ಮಾತಾಡಿದ್ದೆ" ಎಂದ. ಕೊನೆಯಲ್ಲಿ ನಿಷಿಗಾಕಿ ಸಾನ್ ಕೈಚೀಲವನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಮುಂದಿಟ್ಟರು.

"ನನ್ನ ಪುಟ್ಟ ಬಿಳಿ ಕಾರು" ಎಂದರು, ನೆಲ ನೋಡುತ್ತ. "ಇದೇ ಮೂಲೆ. ಆ ಕಡೆಯಿಂದ ಏನು ಬರುತ್ತಿದೆಯೆಂದು ಕಾಣುತ್ತಿರಲಿಲ್ಲ, ಅದಕ್ಕೇ ಬೇಗ ದಾಟಿಬಿಡುತ್ತಿದ್ದೆ. ಹಲವು ಸಲ."

ಗುರುಸಿದ್ದಪ್ಪನವರು ತೀರ್ಮಾನ ಮಾಡಿಯೇಬಿಟ್ಟರು. ಒಕುದಾನಿಗೆ ಶಾಲು, ಇಸ್ತ್ರಿಯವನಿಗೆ ಹಾರ, ಗಗನನಿಗೆ ತೆಂಗಿನಕಾಯಿ. ಪೇಟ ನಿಷಿಗಾಕಿ ಸಾನ್ ತಲೆಗೆ ಹೋಯಿತು, ಹುಬ್ಬಿನ ತನಕ ಇಳಿದು ಕೂತಿತು. ಎರಡೂ ಕಡೆಯವರ ಚಪ್ಪಾಳೆ ಜೋರಾಗಿತ್ತು. ಮಿಯಾಜಿ ಮಾತ್ರ ಇತ್ತ ಬೆನ್ನು ಹಾಕಿ ಕಾಮೋ ನದಿಯ ಕಡೆ ನೋಡುತ್ತಿದ್ದ, ಅವನ ಭುಜ ಅಲುಗುತ್ತಿತ್ತು. ಚಂದ್ರಕಾಂತನ ಕೈಗೆ ಮಾವ ಖಾಲಿ ಹಣ್ಣಿನ ತಟ್ಟೆ ಕೊಟ್ಟರು. ಯಾಮಿನಿ ಫೋಟೋ ತೆಗೆಯುವಾಗ ಅವನು ಅದನ್ನು ಹಿಡಿದುಕೊಂಡೇ ನಿಂತಿದ್ದ.

ಮರುದಿನ ಸಂಜೆ ನಿಷಿಗಾಕಿ ಸಾನ್ ಮನೆಗೆ ಬಂದು ಸಾವಕಾಶವಾಗಿ ಚಹ ಕುಡಿದರು. ಹೊರಡುವಾಗ ಬಾಗಿಲ ಬಳಿ ನಿಂತು, ಗೋಡೆಗೊರಗಿದ್ದ ಸೈಕಲ್ಲನ್ನು ಮೆಚ್ಚುಗೆಯಿಂದ ನೋಡಿದರು.

"ಎಷ್ಟು ಚೆಂದದ ಸೈಕಲ್ಲು. ಇಂಥದ್ದು ತೋಫು ಅಂಗಡಿಯ ಮೂಲೆಯಲ್ಲಿ ಸರ್ರೆಂದು ಹೋಗುವುದನ್ನು ನೋಡಲು ಎಷ್ಟು ಖುಷಿ. ಪಾಪ, ಅಲ್ಲೂ ಒಂದು ಕನ್ನಡಿಯಿಲ್ಲ. ಸಾರ್ವಜನಿಕ ಸ್ನಾನಗೃಹದ ಮೂಲೆಯಲ್ಲೂ ಇಲ್ಲ" ಎಂದು ನಿಟ್ಟುಸಿರುಬಿಟ್ಟು, ಬಾಗಿ ಹೋದರು.

ಸ್ಫೂರ್ತಿ ದಾಟಿಸಲು ಬಾಯಿ ತೆರೆದಳು. ಗುರುಸಿದ್ದಪ್ಪನವರು ಬೇಡವೆಂದು ಕೈ ತೋರಿಸಿದರು. ಆ ಅಜ್ಜಿ ಹೇಳಿದ್ದು ಅವರಿಗೆ ಪೂರ್ತಿ ಅರ್ಥವಾಗಿತ್ತು. ಎದ್ದು ಹೋಗಿ ಸೈಕಲ್ಲಿನ ಎರಡೂ ಟೈರು ಒತ್ತಿ ನೋಡಿದರು.

"ಗಾಳಿ ಕಮ್ಮಿ ಇದೆ ಅಳಿಯಂದಿರೇ. ಇನ್ನೂ ಎರಡು ಮೂಲೆಗೆ ಕನ್ನಡಿ ಬರಬೇಕು. ನಾನು ಪಂಪ್ ಹೊಡೀತೀನಿ, ನೀವು ಶೂ ಹಾಕ್ಕೊಳಿ."

ಚಂದ್ರಕಾಂತ ಹೆಂಡತಿಗಾಗಿ ತಿರುಗಿ ನೋಡಿದ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನಗುತ್ತಿದ್ದಳು. ಅವನು ಕೂತು ಶೂ ಹಾಕಿಕೊಂಡ.